ತಂಪು ತೋಟದಲ್ಲೇ ಶುರುವಾಗಬೇಕು

2025ರ ಜನವರಿ 6ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಭಾರತದ ದಾಳಿಂಬೆ ಇಳಿಯಿತು. 1,872 ಬಾಕ್ಸ್, 6.56 ಟನ್, ಎಲ್ಲವೂ ಭಗವಾ ತಳಿ. ವಾರದ ನಂತರ, ಜನವರಿ 13ರಂದು, ಸೊಲ್ಲಾಪುರ ಸೀಮೆಯ 5.7 ಟನ್ ಹಣ್ಣು ಸಿಡ್ನಿ ಸೇರಿತು. ಸಿಡ್ನಿಯ ಹಣ್ಣು ಭಾರತ ಬಿಟ್ಟದ್ದು ಡಿಸೆಂಬರ್ 6ಕ್ಕೆ. ಲೆಕ್ಕ ಹಾಕಿದರೆ 38 ದಿನ. ಮರದಿಂದ ಕೊಯ್ದ ಹಣ್ಣು ಒಂದು ತಿಂಗಳು ಎಂಟು ದಿನ ಕಳೆದ ಮೇಲೂ ಅಂಗಡಿಯಲ್ಲಿಟ್ಟು ಮಾರುವ ಸ್ಥಿತಿಯಲ್ಲಿತ್ತು. ಭಾರತದಿಂದ ಆಸ್ಟ್ರೇಲಿಯಾಕ್ಕೆ ದಾಳಿಂಬೆ ಸಮುದ್ರದ ದಾರಿಯಲ್ಲಿ ಹೋದದ್ದು ಅದೇ ಮೊದಲು. ಹಿಂದಿನ ವರ್ಷ ಜುಲೈನಲ್ಲಿ ಹೋದ ಮೊದಲ ಕಂತು ವಿಮಾನ ಹತ್ತಿತ್ತು.

ಹಿರಿಯೂರು, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳ ಬೆಳೆಗಾರರು ಈ ಸುದ್ದಿಯನ್ನು ನಿಧಾನವಾಗಿ ಓದಬೇಕು. ವಿಮಾನದ ಬಾಡಿಗೆ ಕೊಟ್ಟು ಕಳಿಸಿದ ಹಣ್ಣು ಅಲ್ಲಿನ ದುಬಾರಿ ಅಂಗಡಿಯ ಒಂದು ಮೂಲೆಗೆ ಮಾತ್ರ ಹೋಗುತ್ತದೆ, ಟನ್‌ಗಟ್ಟಲೆ ಹೋಗಲಾರದು. ಹಡಗಿನ ಬಾಡಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ಹಡಗು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಆ ವಾರಗಳನ್ನು ಹಣ್ಣು ದಾಟಿದರೆ ಬಯಲುಸೀಮೆಯ ಒಬ್ಬ ಸಣ್ಣ ಬೆಳೆಗಾರನ ಮಾಲಿಗೂ ದೂರದ ದೇಶದ ಮಾರುಕಟ್ಟೆ ಸಿಗುತ್ತದೆ. ದಾಟುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಸಮುದ್ರದ ಮೇಲಲ್ಲ, ತೋಟದಲ್ಲಿ, ಕೊಯ್ದ ಮೊದಲ ಕೆಲವು ಗಂಟೆಗಳಲ್ಲಿ. ಇದನ್ನೇ ಸ್ವಲ್ಪ ಬಿಡಿಸಿ ಹೇಳಬೇಕಿದೆ.

ಕೊಯ್ದ ಹಣ್ಣು ಸತ್ತಿರುವುದಿಲ್ಲ. ಅದು ಉಸಿರಾಡುತ್ತಿರುತ್ತದೆ. ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ, ತನ್ನೊಳಗಿನ ಸಕ್ಕರೆಯನ್ನು ಉರಿಸುತ್ತದೆ, ಇಂಗಾಲದ ಡೈಆಕ್ಸೈಡನ್ನೂ ನೀರಾವಿಯನ್ನೂ ಬಿಸಿಯನ್ನೂ ಹೊರಬಿಡುತ್ತದೆ. ಮರದಲ್ಲಿದ್ದಾಗ ಬೇರು ನೀರು ಕೊಡುತ್ತಿತ್ತು, ಎಲೆ ಸಕ್ಕರೆ ಕೊಡುತ್ತಿತ್ತು. ಕತ್ತರಿ ಬಿದ್ದ ಮೇಲೆ ಇರುವ ಗಂಟಿನಲ್ಲೇ ಬದುಕಬೇಕು. ಬಿಸಿ ಹೆಚ್ಚಾದಷ್ಟೂ ಉಸಿರಾಟದ ವೇಗ ಹೆಚ್ಚು, ಗಂಟು ಕರಗುವುದೂ ಬೇಗ. ಸುಮಾರಾಗಿ ಹತ್ತು ಡಿಗ್ರಿ ತಾಪ ಏರಿದರೆ ಉಸಿರಾಟ ಎರಡು ಪಟ್ಟೋ ಮೂರು ಪಟ್ಟೋ ಆಗುತ್ತದೆ. ಮೂವತ್ತೈದು ಡಿಗ್ರಿಯಲ್ಲಿ ಒಂದು ದಿನದಲ್ಲಿ ಕಳೆದುಕೊಳ್ಳುವ ಆಯುಷ್ಯವನ್ನು ಆರು ಡಿಗ್ರಿಯಲ್ಲಿ ಹಣ್ಣು ಹಲವು ದಿನ ಉಳಿಸಿಕೊಳ್ಳುತ್ತದೆ. ಹಡಗಿನ ವ್ಯಾಪಾರ ನಿಂತಿರುವುದೇ ಈ ಲೆಕ್ಕದ ಮೇಲೆ.

ಹಾಗಂತ ಇನ್ನೂ ತಣ್ಣಗೆ ಮಾಡಿದರೆ ಇನ್ನೂ ಒಳ್ಳೆಯದು ಎಂದಲ್ಲ. ದಾಳಿಂಬೆ ಐದು ಡಿಗ್ರಿಗಿಂತ ಕೆಳಗೆ ಹೆಚ್ಚು ದಿನ ಇದ್ದರೆ ಸಿಪ್ಪೆ ಕಂದುತ್ತದೆ, ಒಳಗಿನ ಬಿಳಿ ಪೊರೆ ಕಂದು ಬಣ್ಣಕ್ಕೆ ತಿರುಗುತ್ತದೆ, ಕಾಳು ಮಂಕಾಗುತ್ತದೆ. ಅದಕ್ಕೇ ಅದರ ಪೆಟ್ಟಿಗೆಯನ್ನು ಐದರಿಂದ ಏಳು ಡಿಗ್ರಿಯ ನಡುವೆ ಇಡುತ್ತಾರೆ. ಬಾಳೆಹಣ್ಣಿಗೆ ಹದಿಮೂರು, ಮಾವಿಗೂ ಹೆಚ್ಚುಕಡಿಮೆ ಅಷ್ಟೇ. ದ್ರಾಕ್ಷಿ ಸೊನ್ನೆ ಡಿಗ್ರಿಯ ಹತ್ತಿರ ಇರಬಲ್ಲದು. ಒಂದೊಂದು ಹಣ್ಣಿಗೆ ಒಂದೊಂದು ಹದ. ಜೊತೆಗೆ ತೇವವೂ ಬೇಕು: ಗಾಳಿಯಲ್ಲಿ ತೇವಾಂಶ ಶೇ 90ಕ್ಕೂ ಮೇಲಿರಬೇಕು, ಇಲ್ಲದಿದ್ದರೆ ಸಿಪ್ಪೆ ಒಣಗಿ ಗಟ್ಟಿಯಾಗುತ್ತದೆ. ಕಾಳು ಸೊಗಸಾಗಿದ್ದರೂ ಸಿಪ್ಪೆ ಸುಕ್ಕಾದ ಹಣ್ಣನ್ನು ಅಂಗಡಿಯಲ್ಲಿ ಯಾರೂ ಮುಟ್ಟುವುದಿಲ್ಲ.

ಮೀನಿನದು, ಮಾಂಸದ್ದು ಬೇರೆಯೇ ಕಥೆ. ಮಂಗಳೂರು, ಮಲ್ಪೆ ಕಡೆಯಿಂದ ಹೊರದೇಶಕ್ಕೆ ಹೋಗುವ ಬೊಂಡಾಸ್, ಪಾಂಬೋಲ್, ಸಿಗಡಿಗಳನ್ನು ಕಾರ್ಖಾನೆಯಲ್ಲೇ ಕಲ್ಲಿನಂತೆ ಹೆಪ್ಪುಗಟ್ಟಿಸಿ, ಮೈನಸ್ 18 ಡಿಗ್ರಿಯಲ್ಲಿ ಕಳಿಸುತ್ತಾರೆ. ಅಲ್ಲಿ ಉಸಿರಾಟದ ಪ್ರಶ್ನೆಯೇ ಇಲ್ಲ. ಬಾಕ್ಸ್‌ಗಳನ್ನು ಒತ್ತೊತ್ತಾಗಿ ಜೋಡಿಸಿ, ಸುತ್ತ ತಣ್ಣನೆಯ ಗಾಳಿ ಹರಿದರೆ ಸಾಕು. ತಾಜಾ ಹಣ್ಣಿಗೆ ಗಾಳಿ ಸುತ್ತಲೂ ಹರಿದರೆ ಸಾಲದು, ಒಂದೊಂದು ಬಾಕ್ಸ್‌ನ ಒಳಗೂ ನುಗ್ಗಿ ಹೊರಬರಬೇಕು. ಹಣ್ಣು ಬಿಟ್ಟ ಬಿಸಿಯನ್ನು ಹೊತ್ತು ತರಬೇಕು. ಹೆಪ್ಪುಗಟ್ಟಿದ ಮಾಲಿಗಿಂತ ತಾಜಾ ಮಾಲು ಕಳಿಸುವುದು ಕಷ್ಟ ಎನ್ನುವುದು ಈ ಕಾರಣಕ್ಕೆ.

ಈಗ ಈ ಬಾಕ್ಸ್‌ಗಳು ಹೋಗುವ ಶೀತಲ ಪೆಟ್ಟಿಗೆಯನ್ನು ನೋಡೋಣ. ಹೆದ್ದಾರಿಯಲ್ಲಿ ಹೋಗುವ ನಲವತ್ತು ಅಡಿಯ ಬಿಳಿ ಕಂಟೈನರ್, ಮುಂದಿನ ಗೋಡೆಯಲ್ಲಿ ಫ್ಯಾನ್ ಇರುವ ಯಂತ್ರ. ಇದಕ್ಕೆ ರೀಫರ್ ಎನ್ನುತ್ತಾರೆ. ಬಾಗಿಲು ತೆಗೆದು ಒಳಗೆ ಹೆಜ್ಜೆ ಇಟ್ಟರೆ ಕಾಲಿಗೆ ಮೊದಲು ಸಿಗುವುದು ನೆಲದ ಉದ್ದಕ್ಕೂ ಓಡುವ ಅಲ್ಯೂಮಿನಿಯಂ ಪಟ್ಟಿಗಳು. ಇಂಗ್ಲಿಷಿನ ಟೀ ಅಕ್ಷರದ ಆಕಾರದ ಆ ಪಟ್ಟಿಗಳ ನಡುವಿನ ಕಾಲುವೆಗಳಲ್ಲಿ ಯಂತ್ರದ ತಣ್ಣನೆಯ ಗಾಳಿ ಹರಿಯುತ್ತದೆ. ಗಾಳಿ ಕೆಳಗಿನಿಂದ ಮೇಲಕ್ಕೆ ಬಾಕ್ಸ್‌ಗಳ ತೂತುಗಳ ಮೂಲಕ ಏರಿ, ಬಿಸಿಯನ್ನು ಎತ್ತಿಕೊಂಡು, ಚಾವಣಿಯ ಅಡಿಯಿಂದ ಮತ್ತೆ ಯಂತ್ರಕ್ಕೆ ಮರಳುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಒಂದು ಕೆಂಪು ಗೆರೆ ಎಳೆದಿರುತ್ತದೆ. ಅದರ ಮೇಲಕ್ಕೆ ಮಾಲು ಪೇರಿಸಬಾರದು. ಪೇರಿಸಿದರೆ ಗಾಳಿ ಮರಳುವ ದಾರಿ ಕಟ್ಟಿತು ಎಂದೇ ಅರ್ಥ. ಇನ್ನು ನಾಲ್ಕು ಬಾಕ್ಸ್ ಹಿಡಿಯುತ್ತದಲ್ಲ ಎಂಬ ಆಸೆಗೆ ಆ ಗೆರೆ ದಾಟಿ ಇಡೀ ಲೋಡ್ ಕೆಡಿಸಿಕೊಂಡವರಿದ್ದಾರೆ. ಬಾಕ್ಸ್‌ನ ತಳದ ತೂತು, ಅದರ ಕೆಳಗಿನ ಬಾಕ್ಸ್‌ನ ಮುಚ್ಚಳದ ತೂತು ಒಂದರ ಮೇಲೊಂದು ಕೂರಬೇಕು. ನೆಲದ ಖಾಲಿ ಜಾಗವನ್ನು ರಟ್ಟಿನಿಂದ ಮುಚ್ಚಬೇಕು, ಇಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಹಣ್ಣನ್ನು ಮುಟ್ಟದೆ ವಾಪಸಾಗುತ್ತದೆ. ಪಕ್ಕದಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ, ಹಣ್ಣು ಬಿಟ್ಟ ಕೆಟ್ಟ ಗಾಳಿ ಹೊರಹೋಗಿ ಹೊಸ ಗಾಳಿ ಬರಲಿಕ್ಕೆ. ಹಣ್ಣಿಗೆ ಅದನ್ನು ಅಳತೆಯಷ್ಟು ತೆರೆಯುತ್ತಾರೆ, ಮೀನಿಗೆ ಪೂರ್ತಿ ಮುಚ್ಚುತ್ತಾರೆ.

ಯಂತ್ರಕ್ಕೆ ಬೇಕಾದ ತಾಪವನ್ನು ಅಂಕಿಯಲ್ಲಿ ಒತ್ತಿ ಹೇಳಬೇಕು. ಬುಕಿಂಗ್ ಕಾಗದದಲ್ಲಿ ಪ್ಲಸ್ ಆರು ಎಂದು ಬರೆಯುವ ಕಡೆ ಮೈನಸ್ ಆರು ಎಂದು ಬಿದ್ದರೆ ಮುಗಿಯಿತು. ಯಂತ್ರ ತನಗೆ ಹೇಳಿದ್ದನ್ನು ಮಾಡುತ್ತದೆ, ಹಣ್ಣು ಹೆಪ್ಪುಗಟ್ಟುತ್ತದೆ. ಅದಕ್ಕೇ ಈ ಕೆಲಸ ಬಲ್ಲವರು ಅಂಕಿಯ ಜೊತೆಗೆ ಪ್ಲಸ್, ಮೈನಸ್ ಎಂದು ಅಕ್ಷರದಲ್ಲೂ ಬರೆಯುತ್ತಾರೆ.

ಗಾಳಿಯ ದಾರಿ ಎಷ್ಟು ಮುಖ್ಯ ಎಂಬುದು ಈ ವ್ಯಾಪಾರದ ಆರಂಭದಲ್ಲೇ ಗೊತ್ತಾಗಿತ್ತು. 1882ರ ಫೆಬ್ರುವರಿ 15ರಂದು ನ್ಯೂಜಿಲೆಂಡಿನ ಪೋರ್ಟ್ ಚಾಲ್ಮರ್ಸ್‌ನಿಂದ ಡನೀಡಿನ್ ಎಂಬ ಹಾಯಿಹಡಗು ಸುಮಾರು ಐದು ಸಾವಿರ ಹೆಪ್ಪುಗಟ್ಟಿದ ಕುರಿಗಳ ಇಡೀ ದೇಹಗಳನ್ನು ಹೊತ್ತು ಲಂಡನ್ನಿಗೆ ಹೊರಟಿತು. ಹಾಯಿ ಗಾಳಿಯಿಂದ ಓಡುತ್ತಿತ್ತು, ಶೀತಲ ಯಂತ್ರ ಕಲ್ಲಿದ್ದಲಿನಿಂದ. ಉಷ್ಣವಲಯಕ್ಕೆ ಬಂದಾಗ ಒಳಗಿನ ಗಾಳಿ ಎಲ್ಲ ಕಡೆ ಹರಡುತ್ತಿಲ್ಲ ಎಂದು ಕ್ಯಾಪ್ಟನ್ ಜಾನ್ ವಿಟ್ಸನ್ ಗಮನಿಸಿದ. ಗಾಳಿಯ ಕೊಳವೆಗಳಲ್ಲಿ ಇನ್ನಷ್ಟು ತೂತು ಕೊರೆಯಲು ತಾನೇ ಒಳಗೆ ತೆವಳಿಹೋದ. ಚಳಿಗೆ ಮರಗಟ್ಟಿ ಅಲ್ಲೇ ಬಿದ್ದ. ಹಡಗಿನವರು ಅವನ ಕಾಲಿಗೆ ಹಗ್ಗ ಕಟ್ಟಿ ಎಳೆದು ಬದುಕಿಸಿದರು. 98 ದಿನಗಳ ನಂತರ ಲಂಡನ್ ಸೇರಿದಾಗ ತಿರಸ್ಕರಿಸಬೇಕಾದದ್ದು ಒಂದೇ ಒಂದು ದೇಹ. ನ್ಯೂಜಿಲೆಂಡಿನ ಕುರಿ ಸಾಕಣೆಯ ಹಣೆಬರಹ ಬದಲಾದದ್ದು ಆ ಪ್ರಯಾಣದಿಂದ. ವಿಟ್ಸನ್ ಕೊರೆದ ತೂತುಗಳ ಹಿಂದಿನ ಲೆಕ್ಕವೇ ಇವತ್ತಿನ ಟೀ ಆಕಾರದ ನೆಲದಲ್ಲೂ, ದಾಳಿಂಬೆ ಬಾಕ್ಸ್‌ನ ತೂತುಗಳಲ್ಲೂ ಇದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ರೀಫರ್ ಯಂತ್ರ ಬಿಸಿ ಹಣ್ಣನ್ನು ತಂಪು ಮಾಡಲಿಕ್ಕೆ ಇರುವುದಲ್ಲ. ಈಗಾಗಲೇ ತಂಪಾಗಿರುವ ಹಣ್ಣನ್ನು ತಂಪಾಗಿಯೇ ಉಳಿಸಲಿಕ್ಕೆ ಇರುವುದು. ಅದರ ಬಲ ಅಷ್ಟೇ. ನಮ್ಮಲ್ಲಿ ಬಹಳ ಜನ ತಿಳಿದಿರುವುದು ಇದಕ್ಕೆ ತದ್ವಿರುದ್ಧ: ಕಂಟೈನರ್ ಬಂತು, ತುಂಬಿಸಿದೆವು, ಇನ್ನು ಅದೇ ತಂಪು ಮಾಡಿಕೊಳ್ಳುತ್ತದೆ ಎಂದು. ಹತ್ತು ಹನ್ನೆರಡು ಟನ್ ಬಿಸಿ ಹಣ್ಣನ್ನು ತುಂಬಿದರೆ ಒಳಗಿನ ಗಾಳಿ ಬೇಗ ತಣ್ಣಗಾಗಬಹುದು, ಗೋಡೆಯ ಮೇಲಿನ ಅಂಕಿ ಆರು ಡಿಗ್ರಿ ತೋರಿಸಲೂಬಹುದು. ಬಾಕ್ಸ್‌ನ ನಡುವಿನ ಹಣ್ಣಿನ ಹೊಟ್ಟೆ ಆರು ಡಿಗ್ರಿಗೆ ಬರಲಿಕ್ಕೆ ದಿನಗಳೇ ಬೇಕು. ಅಷ್ಟರಲ್ಲಿ ಹಣ್ಣು ತನ್ನ ಆಯುಷ್ಯದ ದೊಡ್ಡ ಪಾಲನ್ನು ಉರಿಸಿರುತ್ತದೆ, ಬೆವರಿರುತ್ತದೆ, ಆ ಬೆವರಿನಲ್ಲಿ ಬೂಸ್ಟು ಮೊಳೆತಿರುತ್ತದೆ.

ಆದ್ದರಿಂದ ಪ್ಯಾಕ್‌ಹೌಸಿನಲ್ಲಿ ಪ್ರೀಕೂಲಿಂಗ್ ಎಂಬ ಕೋಣೆ ಇರಬೇಕು. ನೋಡಲಿಕ್ಕೆ ಶೈತ್ಯಾಗಾರದಂತೆಯೇ ಇರುತ್ತದೆ, ಕೆಲಸ ಬೇರೆ. ಶೈತ್ಯಾಗಾರದಲ್ಲಿ ತಣ್ಣನೆಯ ಗಾಳಿ ಸುಮ್ಮನೆ ತುಂಬಿರುತ್ತದೆ. ಇಲ್ಲಿ ಬಾಕ್ಸ್‌ಗಳ ಎರಡು ಸಾಲು ನಿಲ್ಲಿಸಿ, ಮೇಲೆ ತಾಡಪಾಲು ಹೊದಿಸಿ, ನಡುವಿನ ಸಂದಿಯಿಂದ ದೊಡ್ಡ ಫ್ಯಾನಿನಲ್ಲಿ ಗಾಳಿ ಎಳೆಯುತ್ತಾರೆ. ಹೊರಗಿನ ತಣ್ಣನೆಯ ಗಾಳಿಗೆ ಬಾಕ್ಸ್‌ಗಳ ತೂತುಗಳ ಮೂಲಕ ನುಗ್ಗದೆ ಬೇರೆ ದಾರಿಯಿಲ್ಲ. ಶೈತ್ಯಾಗಾರದಲ್ಲಿ ಒಂದು ದಿನವೋ ಎರಡು ದಿನವೋ ಹಿಡಿಯುವ ಕೆಲಸ ಹೀಗೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಕೊನೆಗೆ ಒಂದು ಹಣ್ಣಿಗೆ ಉದ್ದನೆಯ ಥರ್ಮಾಮೀಟರ್ ಚುಚ್ಚಿ, ಕಾಳಿನ ನಡುವಿನ ತಾಪ ನೋಡಿ, ಆಮೇಲೆ ಲೋಡ್ ಮಾಡಬೇಕು. ಕೋಣೆಯ ತಾಪ ನೋಡಿ ಲೋಡ್ ಮಾಡುವುದು ಕಣ್ಣುಮುಚ್ಚಿ ಲೋಡ್ ಮಾಡಿದಂತೆ.

ಈ ಗಂಟೆಗಳ ಬೆಲೆ ತಿಳಿಯಬೇಕಾದರೆ ಹಿರಿಯೂರು ಕಡೆಯ ಒಂದು ತೋಟದ ಕೊಯ್ಲು ನೋಡಬೇಕು. ಹಸ್ತ ಬಹಾರ್ ಎಂಬ ಹೂವಿನ ಹಂಗಾಮು ಹಿಡಿದವರ ಹಣ್ಣು ಕೊಯ್ಲಿಗೆ ಬರುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಬಿಸಿಲು ಏರುವ ಕಾಲ. ಗಿಡಗಳಿಗೆ ಹೊದಿಸಿದ ಬಿಳಿ ಬಟ್ಟೆ ಸರಿಸಿ ಹೆಣ್ಣಾಳುಗಳು ಬೆಳಗಿನ ತಂಪಿನಲ್ಲಿ ಕತ್ತರಿ ಹಿಡಿಯುತ್ತಾರೆ. ಹಣ್ಣನ್ನು ಎಳೆಯುವಂತಿಲ್ಲ, ತೊಟ್ಟು ಹಣ್ಣಿಗೆ ಅಂಟಿದಂತೆ ಕತ್ತರಿಸಬೇಕು, ಉದ್ದ ಬಿಟ್ಟರೆ ಪಕ್ಕದ ಹಣ್ಣಿಗೆ ಚುಚ್ಚುತ್ತದೆ. ಕಿರೀಟ ಮುರಿಯಬಾರದು. ಪ್ಲಾಸ್ಟಿಕ್ ಕ್ರೇಟಿನ ತಳಕ್ಕೆ ಹಳೇ ಪೇಪರ್ ಹಾಸಿ ಜೋಡಿಸುತ್ತಾರೆ. ಒಂಬತ್ತು ಗಂಟೆಯ ಹೊತ್ತಿಗೆ ಕ್ರೇಟುಗಳು ಹುಣಸೇಮರದ ನೆರಳಿಗೋ, ಸೊಳ್ಳೆಪರದೆಯಂಥ ಬಲೆಯ ಚಪ್ಪರದ ಕೆಳಗೋ ಸೇರುತ್ತವೆ. ಅಲ್ಲಿ ಗಾತ್ರದಂತೆ ವಿಂಗಡಣೆ: ಸೂಪರ್, ಕಿಂಗ್, ಕ್ವೀನ್, ಪ್ರಿನ್ಸ್. ಚುಕ್ಕೆ ಬಿದ್ದದ್ದು ಒಂದು ಕಡೆ, ಬಿಸಿಲಿಗೆ ಸುಟ್ಟದ್ದು ಇನ್ನೊಂದು ಕಡೆ. ವ್ಯಾಪಾರಿಯ ಲಾರಿ ಬರುವುದು ಮಧ್ಯಾಹ್ನಕ್ಕೋ ಸಂಜೆಗೋ. ಲಾರಿ ತಡವಾದರೆ ಹಣ್ಣು ಅಲ್ಲೇ, ಮೂವತ್ತೈದು ಡಿಗ್ರಿಯಲ್ಲಿ. ಊರ ಮಾರುಕಟ್ಟೆಗೆ, ಬೆಂಗಳೂರಿಗೆ, ಚೆನ್ನೈಗೆ ಹೋಗುವ ಹಣ್ಣಿಗೆ ಇದು ದೊಡ್ಡ ವಿಷಯವಲ್ಲ. ಎರಡು ಮೂರು ದಿನದಲ್ಲಿ ಗಿರಾಕಿಯ ಕೈ ಸೇರುತ್ತದೆ. ಐದು ವಾರ ಸಮುದ್ರದ ಮೇಲಿರಬೇಕಾದ ಹಣ್ಣಿಗೆ ಆ ಒಂದು ಮಧ್ಯಾಹ್ನ ತುಂಬ ದುಬಾರಿ.

ಆ ಹಣ್ಣಿನ ಹಿಂದೆ ಏನಿದೆ ಎಂಬುದನ್ನೂ ಮರೆಯಬಾರದು. ಹೊಸದುರ್ಗ, ಹಿರಿಯೂರು ಕಡೆ ಬೋರ್‌ವೆಲ್ ಬತ್ತಿದ ವರ್ಷಗಳಲ್ಲಿ ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿಕೊಂಡವರಿದ್ದಾರೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿ ಹರಿದಾಗ ಹಿರಿಯೂರಿನ ಜನ ತಂಡತಂಡವಾಗಿ ನೋಡಲು ಹೋದದ್ದು ಸುಮ್ಮನೆ ಅಲ್ಲ. ನೀರಿನ ಚಿಂತೆ ಒಂದಾದರೆ ದುಂಡಾಣು ಅಂಗಮಾರಿಯ ಚಿಂತೆ ಮತ್ತೊಂದು. ಮಳೆ ಹೊಡೆದ ಕೂಡಲೇ ಎಲೆಯ ಮೇಲೆ ಎಣ್ಣೆ ಬಿದ್ದಂಥ ಚುಕ್ಕೆ, ವಾರ ಕಳೆಯುವಷ್ಟರಲ್ಲಿ ಹಣ್ಣು ಸೀಳುತ್ತದೆ. ಉತ್ತರ ಕರ್ನಾಟಕದಲ್ಲಿ ಈ ರೋಗಕ್ಕೆ ಸೋತು ತೋಟಗಳನ್ನೇ ಕಿತ್ತುಹಾಕಿದರು. ನಮ್ಮ ಸೀಮೆಯ ಒಣ ಹವೆ ಇಲ್ಲಿ ಒಂದು ವರ. ಮಳೆ ಕಡಿಮೆ ಬೀಳುವ ಕಡೆ ಕಲೆಯಿಲ್ಲದ, ಬಣ್ಣ ಚೆನ್ನಾಗಿ ಏರಿದ ಹಣ್ಣು ತೆಗೆಯಬಹುದು. ಇಷ್ಟೆಲ್ಲ ದಾಟಿ ಬಂದ ಹಣ್ಣು ಒಂದು ತಂಪು ಕೋಣೆ ಇಲ್ಲದ ಕಾರಣಕ್ಕೆ ದೂರದ ಮಾರುಕಟ್ಟೆ ಕಳೆದುಕೊಳ್ಳುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ರಸ್ತೆಯ ಮಟ್ಟಿಗೆ ಚಿತ್ರದುರ್ಗದಷ್ಟು ಅನುಕೂಲದ ಜಿಲ್ಲೆ ಕಡಿಮೆ. ಹಿರಿಯೂರು, ಚಿತ್ರದುರ್ಗಗಳ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಒಂದು ಕಡೆ ಚೆನ್ನೈ, ಇನ್ನೊಂದು ಕಡೆ ಮುಂಬೈ ಮುಟ್ಟುತ್ತದೆ, ಎರಡೂ ಬಂದರು. ಹಳೆಯ ರಾಷ್ಟ್ರೀಯ ಹೆದ್ದಾರಿ 13 ಸೊಲ್ಲಾಪುರದಲ್ಲಿ ಹುಟ್ಟಿ, ವಿಜಯಪುರ, ಹೊಸಪೇಟೆ ದಾಟಿ ಚಿತ್ರದುರ್ಗಕ್ಕೆ ಬಂದು, ಹೊಳಲ್ಕೆರೆ, ಶಿವಮೊಗ್ಗದ ಮೇಲೆ ಘಾಟಿ ಇಳಿದು ಮಂಗಳೂರಿನಲ್ಲಿ ಮುಗಿಯುತ್ತಿತ್ತು. ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇರುವ ಊರನ್ನೂ ಕರ್ನಾಟಕದ ದೊಡ್ಡ ಬಂದರನ್ನೂ ಒಂದೇ ರಸ್ತೆ ಜೋಡಿಸಿತ್ತು, ನಡುವೆ ನಮ್ಮ ದುರ್ಗ. ಈಗ ರಸ್ತೆಯ ನಂಬರುಗಳು ಬದಲಾಗಿವೆ, ದಾರಿ ಅದೇ. ಆದರೆ ದೂರದ ದೇಶಗಳಿಗೆ ನೇರ ಹೋಗುವ ದೊಡ್ಡ ಕಂಟೈನರ್ ಹಡಗುಗಳು ಹೆಚ್ಚಾಗಿ ಬರುವುದು ಮುಂಬೈ ಪಕ್ಕದ ನ್ಹಾವಾ ಶೇವಾಕ್ಕೆ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಕಂಟೈನರ್ ಟರ್ಮಿನಲ್ ಇದ್ದರೂ ಅಲ್ಲಿಂದ ಹೊರಡುವ ಶೀತಲ ಪೆಟ್ಟಿಗೆಗಳಲ್ಲಿ ಮೀನಿನದೇ ಮೇಲುಗೈ. ಹೀಗಾಗಿ ಹಣ್ಣು ಒಂದು ಇಡೀ ದಿನ ಮೀರಿ ರಸ್ತೆಯ ಮೇಲಿರುತ್ತದೆ.

ಆ ರಸ್ತೆಯ ಮೇಲೂ ತಂಪು ಮುರಿಯಬಾರದು. ಹಡಗಿನಲ್ಲಿ, ಬಂದರಿನಲ್ಲಿ ರೀಫರ್‌ಗೆ ಕರೆಂಟಿನ ಪ್ಲಗ್ ಇರುತ್ತದೆ. ರಸ್ತೆಯಲ್ಲಿ ಅದಕ್ಕೆ ಡೀಸೆಲ್ ಜೆನ್‌ಸೆಟ್ ಕಟ್ಟಿರುತ್ತಾರೆ. ಊಟಕ್ಕೆ ಢಾಬಾದ ಮುಂದೆ ನಿಲ್ಲಿಸಿದಾಗ, ರಾತ್ರಿ ಮಲಗುವಾಗ ಡೀಸೆಲ್ ಉಳಿಸಲು ಜೆನ್‌ಸೆಟ್ ಆರಿಸಿಬಿಡುವ ಚಾಳಿ ಈ ವ್ಯಾಪಾರದ ಹಳೆಯ ರೋಗ. ಅದಕ್ಕಾಗಿಯೇ ಬಾಕ್ಸ್‌ಗಳ ನಡುವೆ ಡೇಟಾ ಲಾಗರ್ ಎಂಬ ಅಂಗೈಯಗಲದ ಸಾಧನ ಇಡುತ್ತಾರೆ. ಲೋಡ್ ಮಾಡಿದ ಕ್ಷಣದಿಂದ ಇಳಿಸುವ ಕ್ಷಣದವರೆಗೆ ತಾಪವನ್ನು ಅದು ಬರೆದುಕೊಳ್ಳುತ್ತಲೇ ಇರುತ್ತದೆ. ಬೇರೆ ದೇಶದಲ್ಲಿ ಬಾಗಿಲು ತೆಗೆದಾಗ ಗೆರೆ ಎಲ್ಲಿ ಏರಿತು, ಎಷ್ಟು ಹೊತ್ತು ಏರಿತು ಎಂಬುದು ಎದುರಿಗೇ ಇರುತ್ತದೆ.

ಕಡಲಾಚೆಯ ವ್ಯಾಪಾರ ನಮ್ಮ ನೆಲಕ್ಕೆ ಹೊಸದಲ್ಲ. ದುರ್ಗದ ಬೆಟ್ಟಗಳ ಹಿಂದಿನ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಕೆರೆಯ ಶಾಸನ ಇರುವುದು ಎಲ್ಲರಿಗೂ ಗೊತ್ತು. ಅದೇ ಕಣಿವೆಯಲ್ಲಿ ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ ಅವರೂ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆಸಿದಾಗ ಶಾತವಾಹನರ ಕಾಲದ ವಸತಿಗಳು ಹೊರಬಂದವು. ಆ ಜಾಗದಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಎರಡು ಸಾವಿರ ವರ್ಷಗಳ ಹಿಂದೆಯೇ ಸಮುದ್ರದಾಚೆಯ ಹಣ ಈ ಒಣ ಸೀಮೆಯ ತನಕ ಹರಿದು ಬಂದಿತ್ತು. ಆದರೆ ಅಂದಿನ ಹಡಗು ಹೊರುತ್ತಿದ್ದದ್ದು ಮೆಣಸು, ಬಟ್ಟೆ, ಮಣಿಗಳಂಥ ಕೆಡದ ಸರಕನ್ನು. ಕೆಡುವ ಸರಕು ಬೆಳೆದ ಊರಿನ ಎರಡು ಮೂರು ದಿನದ ದಾರಿಯಾಚೆಗೆ ಹೋಗುವಂತಿರಲಿಲ್ಲ. ಅದು ಬದಲಾಗಿ ಇನ್ನೂ ನೂರೈವತ್ತು ವರ್ಷ ತುಂಬಿಲ್ಲ.

ಇಂದಿಗೂ ನಮ್ಮ ಬಯಲುಸೀಮೆಯಿಂದ ಹೊರದೇಶಕ್ಕೆ ಹೋಗುವುದರಲ್ಲಿ ತಂಪು ಬೇಡದ ಸರಕೇ ಮುಂದು. ಮಿಡಿಸೌತೆಯನ್ನು ನೋಡಿ. ತೊಂಬತ್ತರ ದಶಕದಿಂದ ಕರ್ನಾಟಕದ ರೈತರು ಕರಾರಿನ ಮೇಲೆ ಬೆಳೆದು ಕೊಡುತ್ತಿರುವ ಈ ಕಾಯಿ ಉಪ್ಪುನೀರಿನ ಡ್ರಮ್ಮಿನಲ್ಲೋ ವಿನೆಗರಿನ ಬಾಟಲಿಯಲ್ಲೋ ಕೂತು ಯುರೋಪು, ಅಮೆರಿಕ, ರಷ್ಯಾ ತಲುಪುತ್ತದೆ. ಉಪ್ಪೇ ಅದರ ಕಾವಲು. ಚಳ್ಳಕೆರೆ, ಹಿರಿಯೂರಿನ ಈರುಳ್ಳಿಗೂ ಬೇಕಾದದ್ದು ಒಣ ಗಾಳಿ; ಅದನ್ನು ಕಾಡುವುದು ಬಿಸಿಲಿಗಿಂತ ಸರ್ಕಾರದ ಆದೇಶ. 2023ರ ಡಿಸೆಂಬರ್ 8ರಂದು ರಫ್ತು ನಿಷೇಧ ಬಂದು 2024ರ ಮೇ 4ರವರೆಗೆ ಇತ್ತು. ಹೊಳಲ್ಕೆರೆಯ ಅಡಿಕೆಗೆ, ಹೊಸದುರ್ಗದ ಕೊಬ್ಬರಿಗೆ ಒಣಗಿಸುವುದೇ ರಕ್ಷಣೆ. ಎಳನೀರು ಮಾತ್ರ ಬೇರೆ. ಥಾಯ್ಲೆಂಡಿನವರು ಎಳನೀರಿನ ಹಸಿರು ಸಿಪ್ಪೆ ಕೆತ್ತಿ, ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, ರೀಫರ್‌ನಲ್ಲಿ ಚೀನಾಕ್ಕೆ, ಅಮೆರಿಕಕ್ಕೆ ಕಳಿಸುತ್ತಾರೆ. ಹೊಸದುರ್ಗ, ಹೊಳಲ್ಕೆರೆಯ ತೆಂಗಿನ ತೋಟದವರು ಅದನ್ನೊಮ್ಮೆ ಗಂಭೀರವಾಗಿ ನೋಡಬೇಕು.

ದೂರ ಹೆಚ್ಚಾದಷ್ಟೂ ತೋಟದ ತಂಪಿನ ಬೆಲೆ ಏರುತ್ತದೆ ಎಂಬುದಕ್ಕೆ ಇತ್ತೀಚಿನ ಉದಾಹರಣೆ ಕೆಂಪು ಸಮುದ್ರ. 2023ರ ಕೊನೆಯಲ್ಲಿ ಯೆಮನ್ನಿನ ಹೂಥಿಗಳು ಹಡಗುಗಳ ಮೇಲೆ ದಾಳಿ ಶುರುಮಾಡಿದ ಮೇಲೆ ದೊಡ್ಡ ಹಡಗು ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿಯನ್ನು ಬಳಸಿ ಯುರೋಪಿಗೆ ಹೋಗತೊಡಗಿದವು. ಹತ್ತು ದಿನದಿಂದ ಎರಡು ವಾರದ ತನಕ ಹೆಚ್ಚುವರಿ ಪಯಣ. ಬಟ್ಟೆ, ಯಂತ್ರದ ಬಿಡಿಭಾಗಕ್ಕೆ ಅದು ಬರೀ ಖರ್ಚು. ಹಣ್ಣಿಗೆ ಅದು ಆಯುಷ್ಯ. ತೋಟದಲ್ಲೇ ತಂಪಾದ ಹಣ್ಣಿಗೆ ಆ ಎರಡು ವಾರ ತಡೆದುಕೊಳ್ಳುವ ಶಕ್ತಿ ಉಳಿದಿರುತ್ತದೆ. ತಡವಾಗಿ ತಂಪಾದದ್ದಕ್ಕೆ ಇರುವುದಿಲ್ಲ. ದುಬೈನ ಜೆಬೆಲ್ ಅಲಿಗೆ ನ್ಹಾವಾ ಶೇವಾದಿಂದ ಕೆಲವೇ ದಿನಗಳ ದಾರಿ. ಆದ್ದರಿಂದಲೇ ಕೊಲ್ಲಿಯಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ ಭಾರತದ ದಾಳಿಂಬೆ ಮೊದಲಿನಿಂದಲೂ ಸಲೀಸಾಗಿ ಸಿಗುತ್ತಿದೆ. ಅಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ನ್ಯೂಯಾರ್ಕ್, ಸಿಡ್ನಿಗಳಿಗೆ ನಡೆಯುವುದಿಲ್ಲ.

ಅಮೆರಿಕದ್ದು ಇನ್ನೂ ಬಿಗಿ. ಅಲ್ಲಿಗೆ ಹೋಗುವ ಹಣ್ಣಿನೊಂದಿಗೆ ಕೀಟ ಹೋಗಬಾರದೆಂದು ನವಿ ಮುಂಬೈನ ವಾಶಿಯಲ್ಲಿರುವ ವಿಕಿರಣ ಘಟಕದಲ್ಲಿ ಹಣ್ಣನ್ನು ಹಾಯಿಸಿ, ಅಮೆರಿಕದ ಕೃಷಿ ಇಲಾಖೆಯ ಒಪ್ಪಿಗೆ ಪಡೆದು ಕಳಿಸಬೇಕು. ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆ ಅಪೆಡಾ, ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಮತ್ತು ಅಮೆರಿಕದ ಅಧಿಕಾರಿಗಳು ಸೇರಿ ಹಣ್ಣನ್ನು 60 ದಿನ ಇಟ್ಟು ಪರೀಕ್ಷಿಸಿದ ಮೇಲೆ, 2025ರ ಆರಂಭದಲ್ಲಿ ಭಗವಾ ಹಣ್ಣಿನ ಮೊದಲ ಕಂಟೈನರ್ ಹಡಗು ಹತ್ತಿ, ಮಾರ್ಚ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿ ಸೇರಿತು. ಹಣ್ಣು ತಡೆಯುತ್ತದೆ ಎಂಬುದು ಈಗ ಅನುಮಾನದ ಮಾತಲ್ಲ. ನಮ್ಮ ಬೆಳೆಗಾರ ಎರಡು ವಿಷಯಕ್ಕೆ ಅಣಿಯಾಗಬೇಕು: ಔಷಧಿಯ ಉಳಿಕೆ ಮಿತಿಯೊಳಗೆ ಇರುವಂತೆ ಕೊಯ್ಲಿಗೆ ಮುಂಚಿನ ವಾರಗಳಲ್ಲಿ ಸಿಂಪಡಣೆ ನಿಲ್ಲಿಸುವುದು, ಮತ್ತು ತೋಟದ ನೋಂದಣಿ, ಸಿಂಪಡಣೆಯ ದಾಖಲೆ ಇಟ್ಟುಕೊಳ್ಳುವುದು. ಹಿರಿಯೂರಿನ ಬಬ್ಬೂರು ಫಾರ್ಮಿನ ಸಂಶೋಧನಾ ಕೇಂದ್ರ ಕೈಯಳತೆಯಲ್ಲೇ ಇದೆ. ದಾಖಲೆ ಇಡುವ ಅಭ್ಯಾಸವನ್ನು ಅಲ್ಲಿಂದ ಕಲಿಸಬಹುದು.

ತಂಪು ಕೋಣೆ ಒಬ್ಬ ರೈತನ ಕೈಯಲ್ಲಿ ಆಗುವ ಕೆಲಸವಲ್ಲ, ಆಗಬೇಕಾಗಿಯೂ ಇಲ್ಲ. ಹೆದ್ದಾರಿಯ ಪಕ್ಕ, ತೋಟಗಳಿಂದ ಒಂದು ಗಂಟೆಯೊಳಗೆ ತಲುಪುವ ಜಾಗದಲ್ಲಿ, ವಿಂಗಡಣೆಯ ಮೇಜು, ಪ್ರೀಕೂಲಿಂಗ್ ಕೋಣೆ, ಸಣ್ಣ ಶೈತ್ಯಾಗಾರ, ರೀಫರ್ ಹಿಂದಕ್ಕೆ ಬಂದು ನಿಲ್ಲುವ ಕಟ್ಟೆ, ನಂಬಿಕೆಯ ಕರೆಂಟು ಇಷ್ಟಿದ್ದರೆ ಹತ್ತಾರು ಹಳ್ಳಿಗೆ ಸಾಕು. ರೈತ ಉತ್ಪಾದಕರ ಕಂಪನಿಗಳು ಇದನ್ನು ಕೈಗೆತ್ತಿಕೊಳ್ಳಬಹುದು. 2020ರಲ್ಲಿ ಕೇಂದ್ರ ತಂದ 1 ಲಕ್ಷ ಕೋಟಿ ರೂಪಾಯಿಯ ಕೃಷಿ ಮೂಲಸೌಕರ್ಯ ನಿಧಿಯಡಿ ಇಂಥ ಕೆಲಸಕ್ಕೆ 2 ಕೋಟಿವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಏಳು ವರ್ಷದ ತನಕ ಸಿಗುವಂತೆ ಮಾಡಲಾಗಿತ್ತು. ಕೋಣೆ ವರ್ಷವಿಡೀ ದುಡಿಯಬೇಕಾದರೆ ದಾಳಿಂಬೆ ಒಂದನ್ನೇ ನೆಚ್ಚಬಾರದು. ಬಹಾರ್ ಬೇರೆ ಬೇರೆ ಹಿಡಿಯುವ ತೋಟಗಳನ್ನು ಹೊಂದಿಸಿಕೊಂಡು, ನಡುವಿನ ತಿಂಗಳುಗಳಲ್ಲಿ ಪಪ್ಪಾಯಿ, ಟೊಮೆಟೊ, ಹೂವಿಗೂ ಬಾಡಿಗೆ ಕೊಡಬೇಕು. ಹೊರದೇಶಕ್ಕೆ ಹೋಗದ ಹಣ್ಣಿಗೂ ಅದರಿಂದ ಲಾಭ: ಧಾರಣೆ ಬಿದ್ದ ವಾರ ಮಾರಲೇಬೇಕೆಂಬ ಅವಸರ ತಪ್ಪುತ್ತದೆ.

ಇನ್ನೊಂದು ಮಾತನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು. ಮಾರಾಟವಾದ ಮೇಲೆ ಹಣ ಎಂಬ ಒಪ್ಪಂದದಲ್ಲಿ ಹಣ್ಣು ಕಳಿಸಿದಾಗ ದೂರದ ಖರೀದಿದಾರ ಇಷ್ಟು ಬಾಕ್ಸ್ ಕೆಟ್ಟಿತ್ತು ಎಂದು ಹಣ ಕಡಿತ ಮಾಡಿದರೆ ಕೊನೆಗೆ ಆ ಭಾರ ತೋಟದವನ ಹೆಗಲಿಗೆ ಇಳಿಯುತ್ತದೆ. ಹಣ್ಣು ಕೆಟ್ಟದ್ದು ತೋಟದಲ್ಲೋ, ಢಾಬಾದ ಮುಂದೋ, ಬಂದರಿನಲ್ಲಿ ಪ್ಲಗ್ ಹಾಕದೆ ಬಿಟ್ಟ ರಾತ್ರಿಯೋ ಎಂಬುದು ಲಾಗರ್‌ನಲ್ಲಿ ಬರೆದಿರುತ್ತದೆ. ಲೋಡ್ ಮಾಡುವಾಗ ಹಣ್ಣಿನೊಳಗಿನ ತಾಪ ಎಷ್ಟಿತ್ತು ಎಂಬ ಚೀಟಿಯ ಒಂದು ಪ್ರತಿ ಬೆಳೆಗಾರನ ಬಳಿ ಇರಬೇಕು. ಕಡಿತ ಕೇಳಿದ ದಿನ ಲಾಗರ್‌ನ ಪೂರ್ತಿ ದಾಖಲೆಯನ್ನೂ ಅವನಿಗೆ ಕೊಡಬೇಕು. ಈ ಎರಡು ಕಾಗದ ಇಲ್ಲದೆ ಹಿರಿಯೂರಿನ ಯಾವ ಬೆಳೆಗಾರನೂ ಹಡಗಿಗೆ ಹಣ್ಣು ಕೊಡಬಾರದು.